ಮಾಸ್ತರರ ಟಿಫಿನ್ ಡಬ್ಬಿ ಮತ್ತು ಹೆಸರಿಲ್ಲದ ಹಳ್ಳ

ಕಳೆದ ಚಳಿಗಾಲದ ಒಂದು ಭಾನುವಾರ, ಎಪ್ಪತ್ತನಾಲ್ಕು ವರ್ಷದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಾಪಿ ಹೊಡೆಯುವುದನ್ನು ನಾನು ಕಣ್ಣಾರೆ ಕಂಡೆ.

ಚೀಟಿ ತಂದಿರಲಿಲ್ಲ. ಅಂಗೈ ಮೇಲೆ ಬರೆದುಕೊಂಡಿರಲಿಲ್ಲ. ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ತಂದಿದ್ದರು. ಅದೂ ಜೀವಂತವಾಗಿ!

ಗಾಬರಿಯಾಗಬೇಡಿ, ಪರೀಕ್ಷೆ ಅವರದಲ್ಲ. ಪರೀಕ್ಷೆ ಇದ್ದದ್ದು ನಮ್ಮ ಬಿಲ್ಡಿಂಗಿನ ಹಿಂದೆ ಹರಿಯುವ ನಾಲಾಕ್ಕೆ.

ನಮ್ಮ ಮನೆ ಮುಂಬಯಿಯ ಕಾಂದಿವಲಿ ಪೂರ್ವದಲ್ಲಿ, ಕಾಡಿನ ಗುಡ್ಡ ಮುಗಿದು ಕಾಂಕ್ರೀಟು ಶುರುವಾಗುವ ಕಡೆ ಇದೆ. ಕಾಂಪೌಂಡ್ ಗೋಡೆಯ ಆಚೆ ಒಂದು ನೀರಿನ ಹರಿವು. ನಾವು ಈ ಫ್ಲ್ಯಾಟಿಗೆ ಬಂದು ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ಅದನ್ನು ನಾಲಾ, ಅಂದರೆ ಚರಂಡಿ, ಎಂದೇ ಕರೆದಿದ್ದೇವೆ. ಕಿಟಕಿ ತೆರೆದರೆ ನಾಲಾ ವಾಸನೆ, ಕಚ್ಚಿದರೆ ನಾಲಾ ಸೊಳ್ಳೆ, ಮಳೆಗಾಲದಲ್ಲಿ ಮನೆಗೆ ಕಪ್ಪೆ ಬಂದರೆ ಅದೂ ನಾಲಾ ಕಪ್ಪೆ. ಒಮ್ಮೆಯಾದರೂ ಗೋಡೆಯಿಂದ ಬಗ್ಗಿ ಅದರೊಳಗೆ ಏನಿದೆ ಎಂದು ನೋಡಿದ್ದೇನೆಯೇ? ಇಲ್ಲ. ನೋಡುವುದಕ್ಕೆ ಟಿವಿ ಇತ್ತು.

ದೀಪಾವಳಿ ಮುಗಿದ ವಾರ ಸೊಸೈಟಿಯ ಸೆಕ್ರೆಟರಿ ಸಾವಂತ್ ಒಂದು ಅರ್ಜಿ ಹಿಡಿದು ಮನೆಮನೆಗೆ ಬಂದರು. ನಾಲಾದ ಮೇಲೆ ಸ್ಲ್ಯಾಬ್ ಹಾಕಿ ಮುಚ್ಚಬೇಕು, ಸ್ಲ್ಯಾಬಿನ ಮೇಲೆ ಕಾರು ನಿಲ್ಲಿಸಬೇಕು ಎಂದು ವಾರ್ಡ್ ಆಫೀಸಿಗೆ ಮನವಿ. ವಾಸನೆ ಹೋಗುತ್ತದೆ, ಸೊಳ್ಳೆ ಹೋಗುತ್ತದೆ, ಪಾರ್ಕಿಂಗ್ ಬರುತ್ತದೆ. ಇನ್ನೇನು ಬೇಕು? ನಮ್ಮ ಕಾರು ಇಷ್ಟು ವರ್ಷ ರಸ್ತೆಬದಿಯಲ್ಲೇ ನಿಂತಿದೆ. ನಾವು ಅದರಲ್ಲಿ ಕೂತು ಹೋದದ್ದಕ್ಕಿಂತ ಟೋಯಿಂಗ್ ವ್ಯಾನಿಗೆ ಸಿಕ್ಕಿಕೊಂಡು ಅದೇ ಒಂಟಿಯಾಗಿ ಹೋದದ್ದು ಹೆಚ್ಚು. ನಾನು ಬಾಗಿಲಲ್ಲೇ ನಿಂತು ಸಹಿ ಹಾಕಿದೆ. ಒಳಗೆ ಕಾವಲಿಯ ಮೇಲೆ ದೋಸೆ ಇತ್ತು. ದೋಸೆ ಸೀಯುವ ಮೊದಲೇ ಸಹಿ ಮುಗಿದಿತ್ತು.

ಆದರೆ ವಾರ್ಡ್ ಆಫೀಸಿನವರು ಒಂದು ಕೊಕ್ಕೆ ಇಟ್ಟರು. ಇದು ಬರೀ ಗಟಾರವೋ, ಇಲ್ಲ ಗುಡ್ಡದಿಂದ ಬರುವ ಸಹಜ ತೊರೆಯೋ? ಗಟಾರವಾದರೆ ಮುಚ್ಚಬಹುದು. ಜೀವ ಇರುವ ತೊರೆಯಾದರೆ ಅಷ್ಟು ಸುಲಭವಿಲ್ಲ. ಯಾರಾದರೂ ತಿಳಿದವರಿಂದ ಬರೆಸಿಕೊಂಡು ಬನ್ನಿ ಎಂದರು.

ತಿಳಿದವರು ನಮ್ಮ ಬಿ ವಿಂಗಿನಲ್ಲೇ ಇದ್ದರು. ನಿಧಿ, ಎಂಎಸ್ಸಿ ವಿದ್ಯಾರ್ಥಿನಿ. ಅಪ್ಪ ಅಮ್ಮ ಉಡುಪಿ ಕಡೆಯವರು. ಹುಡುಗಿಗೆ ತುಳು ಸಲೀಸು, ಹಿಂದಿ ಇನ್ನೂ ಸಲೀಸು, ಕನ್ನಡ ಮಾತ್ರ ಕ್ರಿಯಾಪದ ಬಂದಾಗಲೆಲ್ಲ ಎಡವುತ್ತದೆ. ಗುಡ್ಡದಿಂದ ಇಳಿಯುವ ತೊರೆಗಳ ಆರೋಗ್ಯ ನೋಡುವುದೇ ಅವಳ ಪ್ರಾಜೆಕ್ಟು. ಸಾವಂತ್‌ಗೆ ಖುಷಿಯೋ ಖುಷಿ. "ಬೇಟಾ, ನಾಲಾ ತೋ ಕಬ್ ಕಾ ಮರ್ ಗಯಾ. ತೂ ಬಸ್ ಸರ್ಟಿಫಿಕೇಟ್ ದೇ ದೇ" ಎಂದರು. ಸತ್ತು ಎಷ್ಟೋ ಕಾಲವಾಗಿದೆ, ಡೆತ್ ಸರ್ಟಿಫಿಕೇಟ್ ಒಂದು ಕೊಟ್ಟುಬಿಡು ಎನ್ನುವ ಧಾಟಿ.

"ನೋಡಿ ಹೇಳ್ತೇನೆ ಅಂಕಲ್" ಎಂದಳು ನಿಧಿ. ಅಷ್ಟೇ.

ಅವಳಿಗೆ ಇಬ್ಬರು ಸಹಾಯಕರು ಬೇಕಿತ್ತು. ಒಬ್ಬಳು ನಾನು. (ಅರ್ಹತೆ: ಮಳೆಗಾಲಕ್ಕೆಂದು ಕೊಂಡು ಒಮ್ಮೆಯೂ ಹಾಕದ ಒಂದು ಜೊತೆ ಗಂಬೂಟು.) ಇನ್ನೊಬ್ಬರು ಬಿರಾದಾರ ಮಾಸ್ತರರು.

ಮಾಸ್ತರರ ಪರಿಚಯ ಮಾಡಿಕೊಡಬೇಕು. ವಿಜಯಪುರದ ಕಡೆಯವರು. ಇಲ್ಲಿನ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ವಿಜ್ಞಾನ ಕಲಿಸಿ, ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಬೆಳಗಿನ ವಾಕಿಂಗಿನಲ್ಲಿ ಅವರ ಜೊತೆ ಹೆಜ್ಜೆ ಹಾಕಿದರೆ, ಎರಡನೇ ಸುತ್ತಿಗೆ ಒಂದು ಕಥೆ ಖಾತ್ರಿ: ಕಾಪಿ ಹೊಡೆಯುವವರನ್ನು ಅವರು ಹಿಡಿದ ಕಥೆ. ಸಾಕ್ಸಿನಲ್ಲಿ ಚೀಟಿ, ಜಡೆಯಲ್ಲಿ ಚೀಟಿ, ಕಂಪಾಸ್ ಬಾಕ್ಸಿನ ತಳದಲ್ಲಿ ಚೀಟಿ. "ನನ್ನ ಕಣ್ಣ ತಪ್ಪಿಸಿ ಒಬ್ಬನೂ ಪಾಸಾಗಿಲ್ರಿ" ಎನ್ನುವಾಗ ಅವರ ಬೆನ್ನು ಈಗಲೂ ನೆಟ್ಟಗಾಗುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೂವರೂ ಹೊರಟೆವು. ಮುಂಬಯಿಯ ಚಳಿ, ಅಂದರೆ ಫ್ಯಾನಿನ ಸ್ಪೀಡು ಐದರಿಂದ ಮೂರಕ್ಕೆ ಇಳಿಯುವ ಚಳಿ. ಆದರೂ ಮಾಸ್ತರರು ಮಫ್ಲರ್ ಸುತ್ತಿಕೊಂಡಿದ್ದರು.

ಮೊದಲು ಕಾಡಿನ ಅಂಚಿಗೆ ಹೋದೆವು. ಅದೇ ತೊರೆ, ಆದರೆ ನಮ್ಮ ಬಿಲ್ಡಿಂಗು ತಲುಪುವ ಜಾಗಕ್ಕಿಂತ ಎಷ್ಟೋ ಮೇಲೆ. ನೀರು ಕಲ್ಲಿಂದ ಕಲ್ಲಿಗೆ ಸದ್ದು ಮಾಡುತ್ತ ಇಳಿಯುತ್ತಿತ್ತು, ತಳ ಕಾಣುತ್ತಿತ್ತು. ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಒಯ್ಯುತ್ತಾಳೆ ಎಂದುಕೊಂಡಿದ್ದೆ. ನಿಧಿ ಒಂದು ಬಲೆ, ಒಂದು ಬಿಳಿ ಟ್ರೇ ತೆಗೆದಳು.

"ಆಂಟಿ, ನೀರು ಇವತ್ತಿನದ್ದು ಮಾತ್ರ ಹೇಳ್ತದೆ. ನೀರಲ್ಲಿ ಇರೋ ಹುಳ ಇಡೀ ವರ್ಷದ್ದು ಹೇಳ್ತದೆ. ಗಲೀಜು ಬಂದರೆ ಕೆಲವು ಕೂಡಲೇ ಸಾಯ್ತವೆ, ಕೆಲವು ಮಜಾ ಮಾಡ್ತವೆ. ಯಾರು ಇದ್ದಾರೆ ಅಂತ ನೋಡಿ ಮಾರ್ಕ್ಸ್ ಕೊಡೋದು."

ವಿಧಾನ ಸರಳ. ಹರಿವಿಗೆ ಅಡ್ಡಲಾಗಿ ಬಲೆ ಹಿಡಿಯಬೇಕು. ಒಬ್ಬರು ಅದರ ಮೇಲುಗಡೆ ನಿಂತು ಕಾಲಿನಿಂದ ತಳದ ಕಲ್ಲು, ಮರಳು ಕೆದಕಬೇಕು. ಎದ್ದ ಹುಳಗಳೆಲ್ಲ ತೇಲಿಬಂದು ಬಲೆಗೆ ಬೀಳುತ್ತವೆ. ಟ್ರೇಗೆ ಸುರಿದು ಎಣಿಸಬೇಕು.

ಸುರಿದಾಗ ನಾನು ಬೆರಗಾದೆ. ಅಂಗೈಯಗಲದ ಕಲ್ಲುಗಳ ನಡುವೆ ಇಷ್ಟು ದೊಡ್ಡ ಊರಿದೆಯೇ? ಎಳ್ಳಿನಷ್ಟು ಮರಳ ಕಣಗಳನ್ನು ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡ ಒಂದು ಹುಳ, ಮನೆ ಹೊತ್ತುಕೊಂಡೇ ನಡೆಯುತ್ತಿತ್ತು. ಚಪ್ಪಟೆ ಮೈಯ, ಬಾಲದಲ್ಲಿ ಮೂರು ಕೂದಲಿನಂಥ ಎಳೆಗಳಿರುವ ಮರಿಗಳು ಪಕ್ಕೆಯ ಕಿವಿರುಗಳನ್ನು ಪಟಪಟ ಅಲುಗಿಸುತ್ತಿದ್ದವು. "ಮೇಫ್ಲೈ ಮರಿ. ಇವರಿಗೇ ಜಾಸ್ತಿ ಮಾರ್ಕ್ಸು. ತುಂಬಾ ನಾಜೂಕು" ಎಂದಳು ನಿಧಿ. ಏರೋಪ್ಲೇನ್ ಚಿಟ್ಟೆಯ ಮರಿಯೂ ಇತ್ತು, ಸಿಡುಕು ಮುಖದ್ದು.

ಮಾಸ್ತರರು ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತವರು ಏಳಲೇ ಇಲ್ಲ. ಕಾಪಿಯ ಕಥೆಯೂ ಇಲ್ಲ.

ಅವರ ಡಬ್ಬಿಯಲ್ಲಿದ್ದ ಹಚ್ಚಿದ ಅವಲಕ್ಕಿಯನ್ನು ಮೂವರೂ ತಿಂದೆವು. ಹೊರಡುವಾಗ ಹುಳಗಳನ್ನು ನೀರಿಗೆ ವಾಪಸ್ ಬಿಡಬೇಕಿತ್ತು. "ನೀವು ನಡೀರಿ, ನಾ ಬಿಟ್ಟು ಬರ್ತೀನಿ" ಎಂದರು ಮಾಸ್ತರರು. ಬಂದರು. ಕೆಳಗಿಳಿಯುವ ರಿಕ್ಷಾದಲ್ಲಿ ಅವರು ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಮಟ್ಟಸವಾಗಿ ಹಿಡಿದು ಕೂತಿದ್ದರು. ಹೊಂಡ ಬಂದಾಗಲೆಲ್ಲ "ಸಂಭಾಲ್ಕೇ ಭಾಯಿ, ಸಂಭಾಲ್ಕೇ" ಎಂದು ಡ್ರೈವರನಿಗೆ ಜೋಪಾನ ಹೇಳುತ್ತಿದ್ದರು. ಅವಲಕ್ಕಿ ಖಾಲಿಯಾದ ಡಬ್ಬಿಗೆ ಇಷ್ಟೊಂದು ಉಪಚಾರವೇ ಎಂದು ನನಗೆ ಅನ್ನಿಸಿತು. ವಯಸ್ಸಾದವರ ಅಭ್ಯಾಸ ಎಂದುಕೊಂಡು ಸುಮ್ಮನಾದೆ.

ಈಗ ನಮ್ಮ ಬಿಲ್ಡಿಂಗಿನ ಹಿಂದೆ. ಹಿಂದಿನ ಗೇಟು ತೆರೆಸಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಕೆಳಗಿಳಿದೆ. ಬೂದು ನೀರು, ಮೇಲೆ ನೊರೆ, ಕಲ್ಲಿಗೆಲ್ಲ ಕಪ್ಪು ಲೋಳೆ. ನಮ್ಮ ಗೋಡೆಯ ಮೂಲೆಯಿಂದ ಕೆಳಕ್ಕೆ ನೂರು ಮೀಟರ್ ನಮ್ಮ ಪಾಲಿನ ಪರೀಕ್ಷಾ ಜಾಗ ಎಂದು ನಿಧಿಯ ಫಾರಂನಲ್ಲಿ ಮೊದಲೇ ಬರೆದಿತ್ತು.

ನಾನು ಬಲೆ ಹಿಡಿದೆ. ಮಾಸ್ತರರು ಕಾಲಿನಿಂದ ಕೆದಕಿದರು. ಬಲೆಯನ್ನು ಟ್ರೇಗೆ ಬಗ್ಗಿಸಿ, ನಿಧಿ ಪೆನ್ನು ಹುಡುಕಲು ಬ್ಯಾಗಿನತ್ತ ತಿರುಗಿದಳು.

ಆ ಗಳಿಗೆಯಲ್ಲೇ ಮಾಸ್ತರರು ಜೋಳಿಗೆಯಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಟ್ರೇಗೆ ಸುರಿದರು. ಚೂರೂ ಸದ್ದಾಗಲಿಲ್ಲ. ಎಷ್ಟು ವರ್ಷ ಎಷ್ಟು ಮಕ್ಕಳ ಕೈಚಳಕ ನೋಡಿ ಕಲಿತಿದ್ದರೋ! ತಲೆ ಎತ್ತಿದರೆ ನಾನು ನೋಡುತ್ತಿದ್ದೇನೆ.

ಅವರು ಮುಚ್ಚಳವನ್ನು ಡಬ್ಬಿಗೆ ಹಾಕಲು ನೋಡಿದರು, ಅದು ಕೂರಲಿಲ್ಲ.

ಸತ್ಯ ಹೇಳುತ್ತೇನೆ. ನನಗೆ ಆಗ ಮೊದಲು ನೆನಪಾದದ್ದು ಪರಿಸರವಲ್ಲ, ಪಾರ್ಕಿಂಗ್. ನಾನು ಒಂದು ಮಾತು ಹೇಳಿದರೆ ಸಾಕು, ನಾಲಾ ಫೇಲು, ಸ್ಲ್ಯಾಬ್ ಪಾಸು. ನ್ಯಾಯವೂ ನನ್ನ ಕಡೆಗೇ ಇದೆ! ಜೀವನದಲ್ಲಿ ನ್ಯಾಯವೂ ಲಾಭವೂ ಒಂದೇ ಕಡೆ ನಿಲ್ಲುವುದು ಎಷ್ಟು ಸಲ? ಬಾಯಿ ತೆರೆದೂ ಇದ್ದೆ. ಆದರೆ ಕೂರದ ಆ ಮುಚ್ಚಳ ನೋಡಿ ಬಾಯಿ ಮುಚ್ಚಿಕೊಂಡೆ.

ನಾನು ಹೇಳಬೇಕಾಗಿಯೂ ಬರಲಿಲ್ಲ. ನಿಧಿ ಟ್ರೇಗೆ ಬಗ್ಗಿದಳು. ಹುಬ್ಬು ಗಂಟಿಕ್ಕಿದಳು. ಗಲೀಜಿನಲ್ಲಿ ಮಜಾ ಮಾಡುವ ಜಾತಿಯ ಕೆಂಪು ದಾರದಂಥ ಹುಳಗಳು ಟ್ರೇ ತುಂಬ ಕುಣಿಯುತ್ತಿದ್ದವು. ಅವುಗಳ ನಡುವೆ ಏಳೆಂಟು ಮೇಫ್ಲೈ ಮರಿಗಳು, ಮರಳಿನ ಮನೆಯ ಎರಡು ಹುಳಗಳು ಸುಸ್ತಾಗಿ ಬಿದ್ದುಕೊಂಡಿದ್ದವು. ಪಟಪಟ ಅನ್ನುತ್ತಿದ್ದ ಪಕ್ಕೆಗಳು ಈಗ ಅಲ್ಲೊಮ್ಮೆ ಇಲ್ಲೊಮ್ಮೆ ಅದುರುತ್ತಿದ್ದವು.

"ಮಾಸ್ಟರ್, ಒಂದು ಪೂಛ್... ಕೇಳ್ಲಾ? ಇವರು ಇಲ್ಲಿಯವರು ಅಲ್ಲ. ಇಲ್ಲಿಯವರಾದರೆ ಇಷ್ಟು ಹೊತ್ತಿಗೆ ಹೀಗೆ ಮಲಗ್ತಾ ಇರಲಿಲ್ಲ. ಅವರಿಗೆ ಉಸಿರು ಸಿಗ್ತಾ ಇಲ್ಲ."

ಮಾಸ್ತರರು ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಥೇಟ್ ಮೂರನೇ ಕ್ಲಾಸಿನ ಹುಡುಗ.

"ನಾನೇ ಹಾಕಿದೆನವಾ" ಎಂದರು.

"ಯಾಕೆ ಮಾಸ್ಟರ್?"

"ನಮ್ಮ ಸಾಲ್ಯಾಗ ಲ್ಯಾಬ್ ಇರಲಿಲ್ಲ. ಇದ್ರೂ ಬೀಗ ಇರ್ತಿತ್ತು. ನಾ ಹುಡುಗೂರ್ನ ಇಲ್ಲಿಗೇ ಕರ್ಕೊಂಡ್ ಬರ್ತಿದ್ದೆ. ಆಗ ಈ ಗೋಡಿ ಇರಲಿಲ್ಲ, ಈ ಬಿಲ್ಡಿಂಗ್ ಇರಲಿಲ್ಲ. ಇದ ಕಲ್ಲ ಎತ್ತಿ ಇದ ಹುಳ ತೋರಿಸೀನಿ. ಮೂರ್ ಬಾಲದ್ದು, ಮನಿ ಹೊತ್ಕೊಂಡು ಅಡ್ಡಾಡೋದು, ಎಲ್ಲಾ ಇಲ್ಲೇ ಇದ್ದೂವು. ನಾ ಸುಳ್ಳ ಹೇಳಿಲ್ಲವಾ. ಹಳೇ ಖರೇ ಹೇಳೀನಿ."

ಹಳೆಯ ಸತ್ಯ! ಕಾಪಿ ಹೊಡೆದು ಸಿಕ್ಕಿಬಿದ್ದವರಲ್ಲಿ ಇಷ್ಟು ಚೆಂದದ ಸಬೂಬು ಯಾರಾದರೂ ಕೊಟ್ಟಿದ್ದಾರೆಯೇ?

ನಿಧಿಗೆ ನಗು ಬಂತು. ತಡೆದುಕೊಂಡಳು. "ಮಾಸ್ಟರ್, ಇದನ್ನ ನಮ್ಮ ಕಾಲೇಜಲ್ಲಿ ಪ್ರಾಕ್ಸಿ ಅಂತಾರೆ. ಬರದೇ ಇರೋರದ್ದು ಹಾಜರಿ ನೀವು ಹೇಳಿದ್ರಿ." ಆಮೇಲೆ ಮೆಲ್ಲಗೆ ಸೇರಿಸಿದಳು, "ನಾನು ಸುಳ್ಳು ಬರೆದ್ರೆ, ನಾಳೆ ಯಾರಾದ್ರೂ ಬಂದು ಚೆಕ್ ಮಾಡ್ತಾರೆ. ಆಗ ಈ ತೊರೆ ನಿಜವಾಗ್ಲೂ ಸಾಯ್ತದೆ."

ಮಾಸ್ತರರು ತಲೆ ತಗ್ಗಿಸಿದರು. ಮಫ್ಲರಿನಲ್ಲಿ ಕಣ್ಣು ಒರೆಸಿಕೊಂಡರೋ ಬೆವರೋ, ನಾನು ನೋಡಲು ಹೋಗಲಿಲ್ಲ. ನಿಧಿ ತನ್ನ ಕುಡಿಯುವ ನೀರಿನ ಬಾಟಲಿಯನ್ನು ಬಕೆಟ್ಟಿಗೆ ಸುರಿದು, ಆ ಅತಿಥಿಗಳನ್ನು ಒಂದೊಂದಾಗಿ ಎತ್ತಿ ಅದರಲ್ಲಿ ಬಿಟ್ಟಳು. ಮತ್ತೆ ವಾಪಸ್ ಗುಡ್ಡಕ್ಕೆ ಒಯ್ಯಬೇಕು ಎಂದಳು. ಟ್ರೇ ತೊಳೆದಳು. ಎಲ್ಲ ಮೊದಲಿನಿಂದ.

ಎರಡನೇ ಸಲ ಬಂದದ್ದು ಬರೀ ಕೆಂಪು ಹುಳ. ಮೂರನೇ ಸಲ ಕೆಂಪು ಹುಳ, ಜೊತೆಗೆ ಒಂದು ಶ್ಯಾಂಪೂ ಸ್ಯಾಚೆ. ನಿಧಿ ಫಾರಂನಲ್ಲಿ ಸೊನ್ನೆಗಳನ್ನು ಬರೆಯುತ್ತ ಹೋದಳು. ಗೋಡೆಯ ಮೇಲಿಂದ ಸಾವಂತ್ ತಲೆ ಕಾಣಿಸಿತು. "ಹೋ ಗಯಾ? ಮರಾ ಹುವಾ ಹೀ ನಿಕ್ಲಾ ನಾ?" ಸತ್ತದ್ದೇ ತಾನೇ ಎಂದು ಕೇಳುವ ದನಿಯಲ್ಲಿ ಎಂಥ ಉಲ್ಲಾಸ! ನನಗೂ ಉಲ್ಲಾಸವಾಗಬೇಕಿತ್ತು. ಯಾಕೋ ಆಗಲಿಲ್ಲ.

ಆಗ ಪಕ್ಕದಿಂದ ಒಂದು ದನಿ. "ಏನ್ ಹುಡಕ್ಲತ್ತೀರಿ ಅಕ್ಕಾ? ಏನರ ಬಿದ್ದದೇನು?"

ತಲೆಯ ಮೇಲೆ ಕೊಡ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಪಕ್ಕದಲ್ಲಿ ಏಳುತ್ತಿರುವ ಟವರಿನ ಕೆಲಸಕ್ಕೆ ಯಾದಗಿರಿಯಿಂದ ಬಂದವಳು, ಹೆಸರು ಶರಣಮ್ಮ. ಟವರಿನ ತಗಡಿನ ಶೆಡ್ಡಿನಲ್ಲಿ ಅವಳ ಮನೆ.

"ಹುಳ ಹುಡುಕ್ತಿದ್ದೀವಮ್ಮ" ಎಂದೆ.

"ಹುಳಾ?" ಕೊಡ ಕೆಳಗಿಟ್ಟೇ ನಕ್ಕಳು. "ಬಿಲ್ಡಿಂಗಿನೋರು ಹುಳ ಸಾಯ್ಲಿ ಅಂತ ಔಷಧ ಹೊಡಸ್ತಾರ, ನೀವ್ ನೋಡಿದ್ರ ಬಲಿ ಹಿಡ್ಕೊಂಡು ಹುಡಕ್ಲತ್ತೀರಿ! ಈ ಪೈಪಿನ ಬಾಯಾಗ ನಿಂತ್ರ ಏನ್ ಸಿಗ್ತದ? ಆ ಅತ್ತಿ ಗಿಡದ ಬುಡಕ್ಕ ಬರ್ರಿ. ಅಲ್ಲಿ ಸೆಲಿ ಅದ, ತಣ್ಣಗ ನೀರ್ ಬರ್ತದ. ನಾ ದಿನಾ ಅಲ್ಲೇ ಭಾಂಡಿ ತೊಳಿತೀನಿ. ಏಡಿ ಸುದ್ದಾ ಅವ."

(ಕೊಳಕು ನೀರು ಸುರಿಸುವ ಆ ಪೈಪು ಯಾರದು ಎಂದು ಕೇಳಬೇಡಿ. ನಮ್ಮದೇ.)

ಕೆಳಕ್ಕೆ ನಡೆದೆವು. ಅತ್ತಿಮರದ ಬೇರಿನ ಸಂದಿಯಿಂದ ಗುಡ್ಡದ ಒರತೆಯೊಂದು ಜಿನುಗಿ ನಾಲಾಕ್ಕೆ ಸೇರುತ್ತಿತ್ತು. ಸೇರುವ ಕಡೆ ಒಂದು ಮಂಚದಷ್ಟು ಜಾಗದಲ್ಲಿ ನೀರು ತಿಳಿ. ನಿಧಿಯ ಮುಖ ಅರಳಿತು, ಆದರೆ ಬಲೆ ಇಳಿಸಲಿಲ್ಲ. "ಮೊದಲು ಮೆಷರ್ ಮಾಡ್ಬೇಕು. ನೂರು ಮೀಟರ್ ಒಳಗಿದ್ರೆ ಮಾತ್ರ ಲೆಕ್ಕ."

ಸಾವಂತ್ ಗೇಟು ದಾಟಿ ಓಡಿ ಬಂದರು. ಇದು ಆಚೆ ಬಿಲ್ಡಿಂಗಿನ ಹದ್ದು, ನಮ್ಮದಲ್ಲವೇ ಅಲ್ಲ ಎಂದು ವಾದ. ನಿಧಿ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, "ಆಂಟಿ, ಗೋಡೆ ಮೂಲೆಯಲ್ಲಿ ಹಿಡಿರಿ" ಎಂದು ಹೇಳಿ, ತನ್ನ ತುದಿ ಎಳೆದುಕೊಂಡು ಹೋದಳು. ಟೇಪು ನೂರು ಮೀಟರಿನದು. ಸಾವಂತ್, ಮಾಸ್ತರರು, ಶರಣಮ್ಮ, ಎಲ್ಲರೂ ಆ ತುದಿಯಲ್ಲಿ. ಈ ತುದಿಯಲ್ಲಿ ನಾನೊಬ್ಬಳೇ. ಯಾರೂ ನನ್ನತ್ತ ನೋಡುತ್ತಿಲ್ಲ.

ಒಂದೆರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರೆ ಒರತೆ ಪರೀಕ್ಷೆಯಿಂದಲೇ ಹೊರಗೆ. ಸ್ಲ್ಯಾಬು, ಪಾರ್ಕಿಂಗು, ಆ ಒರತೆಯ ಮೇಲೇ ನಮ್ಮ ಕಾರು. ಮಾಸ್ತರರಿಗಾದರೂ ಡಬ್ಬಿ ಬೇಕಾಯಿತು, ನನಗೆ ಎರಡು ಹೆಜ್ಜೆ ಸಾಕಿತ್ತು. ಬೇರೆಯವರ ಕಾಪಿ ನೋಡಿ ನಗುವುದು ಎಷ್ಟು ಸುಲಭ, ಅಲ್ಲವೇ? ಟೇಪಿನ ತುದಿಯನ್ನು ಮೂಲೆಗೆ ಒತ್ತಿ ಹಿಡಿದು, ಬೆನ್ನನ್ನು ಗೋಡೆಗೆ ಆನಿಸಿ ನಿಂತೆ. ಸೀರೆಗೆಲ್ಲ ಪಾಚಿ.

"ತೊಂಬತ್ತೊಂಬತ್ತು!" ನಿಧಿ ಕೂಗಿದಳು.

ನಾನು ಓಡಿ ಹೋಗುವಷ್ಟರಲ್ಲಿ ಮಾಸ್ತರರು ನೀರಿಗೆ ಇಳಿದಾಗಿತ್ತು. ಶರಣಮ್ಮ ತೋರಿಸಿದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿದರು. ಕಲ್ಲಿನ ಹೊಟ್ಟೆಗೆ ಚಪ್ಪಟೆಯಾಗಿ ಅಂಟಿಕೊಂಡು, ಮೂರು ಬಾಲ ಅಲ್ಲಾಡಿಸುತ್ತ, ಒಂದು ಮರಿ. ಪಕ್ಕದಲ್ಲಿ ಇನ್ನೊಂದು. ಬೇರಿನ ಕಡೆ ಸಣ್ಣದು ಮತ್ತೊಂದು.

"ಹಾಜರ್ ಅದಾವವಾ!" ಎಂದರು ಮಾಸ್ತರರು. "ಪ್ರಾಕ್ಸಿ ಅಲ್ಲ. ಬೇಕಾದ್ರ ಡಬ್ಬಿ ಚೆಕ್ ಮಾಡು."

ನಿಧಿ ನಿಜವಾಗಿಯೂ ಡಬ್ಬಿ ಚೆಕ್ ಮಾಡಿದಳು. ಆಮೇಲೆ ಬರೆದಳು.

ಒಟ್ಟು ಫಲಿತಾಂಶವೇನೂ ಹೊಗಳುವಂಥದ್ದಲ್ಲ. 'ಸ್ಥಿತಿ ತೀರಾ ಕಳಪೆ' ಎಂದೇ ಇತ್ತು. ಅದರ ಮುಂದಿನ ಸಾಲು ಮುಖ್ಯ: 'ಜೀವ ಇರುವ ಸಹಜ ತೊರೆ, ಕೊಳಕು ನೀರಿನ ಪೈಪುಗಳನ್ನು ಬೇರೆ ಕಡೆ ತಿರುಗಿಸಿದರೆ ಚೇತರಿಸಿಕೊಳ್ಳಬಹುದು.' ಒಂದೆರಡು ಗ್ರೇಸ್ ಮಾರ್ಕ್ಸ್ ಕೊಡಲು ಬರುತ್ತದೆಯೇ ಎಂದು ಮಾಸ್ತರರು ವಿಚಾರಿಸಿದರು. "ಬರಲ್ಲ ಮಾಸ್ಟರ್" ಎಂದಳು. ಅವರು ತಮ್ಮ ಕಾಲದಲ್ಲಿ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದಳು ಎಂದು ಆಮೇಲೆ ನನ್ನ ಬಳಿ ಮೆಚ್ಚಿಕೊಂಡರು.

ಮಧ್ಯಾಹ್ನ ಅವರಿಬ್ಬರೂ ಬಕೆಟ್ ಹಿಡಿದು ಮತ್ತೆ ರಿಕ್ಷಾ ಹತ್ತಿದರು. ಒಯ್ದ ಅತಿಥಿಗಳಲ್ಲಿ ಐದು ಬದುಕಿದವಂತೆ. ಉಳಿದವಕ್ಕಾಗಿ ಮಾಸ್ತರರು ಆ ವಾರ ವಾಕಿಂಗಿಗೆ ಬರಲಿಲ್ಲ. ಬಂದ ಮೇಲೆ ಕಾಪಿಯ ಕಥೆ ಹೇಳುವುದನ್ನೂ ಬಿಟ್ಟಿದ್ದಾರೆ. ನನಗೆ ಎರಡನೇ ಸುತ್ತು ಈಗ ಬಹಳ ಉದ್ದ ಅನ್ನಿಸುತ್ತದೆ.

ನಾನು ಸಾವಂತ್ ಬಳಿ ಹೋಗಿ, ಅರ್ಜಿಯಿಂದ ನನ್ನ ಸಹಿ ತೆಗೆಯಿರಿ ಎಂದೆ. "ಮ್ಯಾಡಮ್, ಸಹಿ ವಾಪಸ್ ಲೇನೇ ಕಾ ಫಾರ್ಮ್ ಹೀ ನಹೀಂ ಹೋತಾ" ಎಂದರು. ಸಹಿ ಹಾಕುವುದಕ್ಕೆ ಫಾರಂ ಇದೆ, ಹಿಂದೆ ತೆಗೆದುಕೊಳ್ಳುವುದಕ್ಕೆ ಇಲ್ಲ! ಹಾಗಾಗಿ ಬಿಳಿ ಹಾಳೆಯಲ್ಲಿ ಬೇರೆ ಪತ್ರ ಬರೆದು ವಾರ್ಡ್ ಆಫೀಸಿಗೆ ನಾನೇ ಕೊಟ್ಟು ಬಂದೆ. ಸ್ಲ್ಯಾಬಿನ ಫೈಲು ಸದ್ಯಕ್ಕೆ ನಿಂತಿದೆ. ನಮ್ಮ ಪೈಪನ್ನು ತಿರುಗಿಸುವ ಮಾತು ಕಮಿಟಿಯಲ್ಲಿ ನಡೆದಿದೆ. (ನಡೆಯುತ್ತಲೇ ಇದೆ.) ಕಾರು ರಸ್ತೆಯಲ್ಲೇ ಇದೆ, ಟೋಯಿಂಗ್ ವ್ಯಾನಿನವರಿಗೆ ಈಗ ನಮ್ಮವರ ಮುಖಪರಿಚಯ ಚೆನ್ನಾಗಿದೆ.

ಹೋದ ವಾರ ವಾರ್ಡ್ ಆಫೀಸಿನಿಂದ ಸಾವಂತ್‌ಗೆ ಫೋನು. ತೊರೆ ಎಂದು ಹೊಸ ಫೈಲು ತೆರೆಯಬೇಕು, ಅದಕ್ಕೊಂದು ಹೆಸರು ಬೇಕು. ಹೆಸರಿಲ್ಲದೆ ಫೈಲಿಲ್ಲ.

ಕೆಳಗೆ ಹೋಗಿ ಶರಣಮ್ಮನನ್ನು ಕೇಳಿದೆ. ಭಾಂಡಿ ತಿಕ್ಕುತ್ತಲೇ ಹೇಳಿದಳು: "ಹಳ್ಳಕ್ಕ ಎಂಥಾ ಹೆಸರ್ರೀ ಅಕ್ಕಾ? ಹಳ್ಳ ಅಂದ್ರ ಹಳ್ಳ. ನೀರ್ ಚೊಲೋ ಮಾಡ್ರಿ ಮೊದಲ."

ಆದರೆ ಸಾವಂತ್ ವಿಶೇಷ ಮೀಟಿಂಗೇ ಕರೆದರು. ಕ್ಲಬ್ ಹೌಸು ಭರ್ತಿ. ಇಷ್ಟು ಜನ ಲಿಫ್ಟ್ ಕೆಟ್ಟಾಗಲೂ ಬಂದಿರಲಿಲ್ಲ. ಒಬ್ಬರಿಗೆ ದೇವಿಯ ಹೆಸರು ಬೇಕು. ಇನ್ನೊಬ್ಬರಿಗೆ ಬಿಲ್ಡಿಂಗಿನ ಹೆಸರೇ ಇರಲಿ, ಫ್ಲ್ಯಾಟಿನ ರೇಟಿಗೆ ಒಳ್ಳೆಯದು. ಎ ವಿಂಗಿನವರಿಗೆ ಇಂಗ್ಲಿಷಿನಲ್ಲಿ ಬೇಕು. ಚಳಿಗಾಲದಲ್ಲಿ ಡೆತ್ ಸರ್ಟಿಫಿಕೇಟ್ ಕೇಳಿದ್ದ ಸಾವಂತ್ ಈಗ ಅದನ್ನು "ಹಮಾರಾ ಝರಾ, ಹಮಾರಾ ಝರಾ" ಎಂದು, ನಮ್ಮ ತೊರೆ ಎಂದು ಕರೆಯುತ್ತ, ನಾಮಕರಣಕ್ಕೆ ಕೂತ ಸೋದರಮಾವನ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದರು. ಒಂದೂವರೆ ಗಂಟೆ ಜಗಳ, ಹೆಸರು ಮಾತ್ರ ನಿಶ್ಚಯವಾಗಲಿಲ್ಲ. ಪೈಪಿನ ವಿಷಯ ಎತ್ತಲು ಮಾಸ್ತರರು ಮೂರು ಸಲ ಎದ್ದು ನಿಂತು ಮೂರು ಸಲ ಕೂತರು.

ಕೊನೆಗೆ ನಾನೇ ಎದ್ದು ಕೇಳಿದೆ: ಇಲ್ಲಿರುವವರಲ್ಲಿ ಆ ನೀರಿಗೆ ಒಮ್ಮೆಯಾದರೂ ಕಾಲಿಟ್ಟವರು ಕೈ ಎತ್ತಿ.

ನಾಲ್ಕು ಕೈ ಎದ್ದವು. ನಿಧಿ, ಮಾಸ್ತರರು, ನಾನು, ಮತ್ತೆ ಮೂರನೇ ಮಹಡಿಯ ಮೆಹ್ತಾ. ಮೆಹ್ತಾ ಇಳಿದದ್ದು ಬಾಲ್ಕನಿಯಿಂದ ಬಿದ್ದ ಟವೆಲ್ ತರಲು.